ಕತ್ತಲಲ್ಲೂ ಕೈಗೆ ಸಿಗುವ ಕ್ಯಾಮೆರಾ: ಗುಂಡಿ, ಡಯಲ್, ರಿಂಗುಗಳನ್ನು ಬೆರಳಿಗೆ ಒಗ್ಗಿಸುವ ಬಗೆ

ರಾತ್ರಿ ಒಂದೂವರೆ ಗಂಟೆ, ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ರಂಗಸ್ಥಳದ ಎದುರು ನೆಲದ ಮೇಲೆ ಕ್ಯಾಮೆರಾ ಹಿಡಿದು ಕುಳಿತಿದ್ದೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶಕ್ಕೆ ಚಂಡೆ ಏರತೊಡಗಿತು. ಸಭೆಯ ಹಿಂದಿನಿಂದ ಆರ್ಭಟ ಕೇಳಿಸಿತು. ಎರಡು ದೊಂದಿಗಳ (ಪಂಜುಗಳ) ನಡುವೆ ವೇಷ ಕುಲುಕುತ್ತ ಬರುತ್ತಿತ್ತು. ನನ್ನ ಐಎಸ್‌ಒ (ಬೆಳಕನ್ನು ಎಷ್ಟು ಹಿಗ್ಗಿಸಬೇಕೆಂಬ ಅಂಕಿ) ಮಾತ್ರ ಹಿಂದಿನ ದೃಶ್ಯದ 800ರಲ್ಲೇ ಉಳಿದಿತ್ತು. ಕ್ಯಾಮೆರಾವನ್ನು ಕಣ್ಣಿನಿಂದ ಕೆಳಗಿಳಿಸಿದೆ, ಮೊಬೈಲ್ ಬೆಳಕು ಹಾಕಿದೆ, ಅದರ ಎಡಭುಜದ ಮೇಲಿದ್ದ ಗುಂಡಿಗಳ ಗುಂಪಿನಲ್ಲಿ ಐಎಸ್‌ಒ ಯಾವುದೆಂದು ಹುಡುಕತೊಡಗಿದೆ. ಅಷ್ಟರಲ್ಲಿ ದೊಂದಿಗೆ ರಾಳ ಎರಚಿದರು. ಬೆಂಕಿ ಆಳೆತ್ತರ ಎದ್ದು ಇಡೀ ಬಯಲು ಒಂದು ಕ್ಷಣ ಕೆಂಪಾಯಿತು. ಆ ಕ್ಷಣದಲ್ಲಿ ನಾನು ನೋಡುತ್ತಿದ್ದದ್ದು ಐಎಸ್‌ಒ ಎಂದು ಬರೆದ ಒಂದು ಗುಂಡಿಯನ್ನು.

ಚಿತ್ರ ತಪ್ಪಿದ್ದು ಕ್ಯಾಮೆರಾದ ದೋಷದಿಂದಲ್ಲ. ಅದು ನನ್ನ ಕೈಗೆ ಇನ್ನೂ ಪರಿಚಯವಾಗಿರಲಿಲ್ಲ. ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್ ಕೇಳುತ್ತೇವೆ, ಲೆನ್ಸಿನ ಅಪರ್ಚರ್ (ಬೆಳಕು ಬಿಡುವ ಕಂಡಿಯ ಅಳತೆ) ಕೇಳುತ್ತೇವೆ. ಗುಂಡಿ ಎಲ್ಲಿದೆ, ಅದನ್ನು ನೋಡದೆ ಒತ್ತಲು ಆಗುತ್ತದೆಯೇ ಎಂದು ಕೇಳುವವರು ಕಡಿಮೆ. ಕಣ್ಣು ವ್ಯೂಫೈಂಡರಿನಿಂದ ಕದಲದಂತೆ ಎಲ್ಲವನ್ನೂ ಬೆರಳುಗಳೇ ಮಾಡಿ ಮುಗಿಸುವ ಹಾಗೆ ಕ್ಯಾಮೆರಾವನ್ನು ಸಜ್ಜುಗೊಳಿಸಬಹುದು. ಅದಕ್ಕೆ ಹೊಸ ಕ್ಯಾಮೆರಾ ಬೇಡ. ಒಂದು ಭಾನುವಾರ ಮಧ್ಯಾಹ್ನ, ಒಂದು ಹಾಳೆ ಸ್ಟಿಕ್ಕರ್ ಬಿಂದಿ ಮತ್ತು ಒಂದು ತುಂಡು ಹಳೆಯ ಸೈಕಲ್ ಟ್ಯೂಬ್ ಸಾಕು.

ಮೊದಲ ಹೆಜ್ಜೆ: ಎಡಗೈಯನ್ನು ಲೆನ್ಸಿನ ಕೆಳಗೆ ತನ್ನಿ

ಹೊಸಬರು ಕ್ಯಾಮೆರಾ ಹಿಡಿಯುವುದನ್ನು ಗಮನಿಸಿ. ಎರಡೂ ಕೈಗಳಿಂದ ಬಾಡಿಯ ಎರಡು ತುದಿ ಹಿಡಿದಿರುತ್ತಾರೆ, ಮೊಬೈಲ್ ಹಿಡಿದ ಹಾಗೆ. ಇಲ್ಲವೇ ಎಡಗೈಯನ್ನು ಲೆನ್ಸಿನ ಮೇಲಿನಿಂದ ಹಾಕಿ ಹೆಬ್ಬೆರಳು ಕೆಳಗೆ ಬರುವಂತೆ ಹಿಡಿದಿರುತ್ತಾರೆ. ಎರಡರಲ್ಲೂ ಭಾರವೆಲ್ಲ ಬಲಗೈಯ ಪಾಲಿಗೆ ಬರುತ್ತದೆ. ಭಾರ ಹೊತ್ತ ಕೈ ಗುಂಡಿ ಒತ್ತಲು ಹೋದರೆ ಕ್ಯಾಮೆರಾ ಅಲುಗುತ್ತದೆ. ಇಲ್ಲಿ ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದೇ: ಭಾರ ಯಾರದು, ಕೆಲಸ ಯಾರದು? ಭಾರ ಎಡಗೈಯದು, ಕೆಲಸ ಬಲಗೈಯದು.

ಎಡ ಅಂಗೈಯನ್ನು ಊಟದ ತಟ್ಟೆ ಹಿಡಿಯುವಂತೆ ಮೇಲ್ಮುಖವಾಗಿ ಚಾಚಿ. ಬಾಡಿಯ ಅಡಿಭಾಗವೂ ಲೆನ್ಸಿನ ಬುಡವೂ ಸೇರುವ ಜಾಗ ಅಂಗೈಯ ಬುಡದ ಮೇಲೆ ಕೂರಲಿ. ಆಗ ಹೆಬ್ಬೆರಳು ಮತ್ತು ತೋರುಬೆರಳು ತಾವಾಗಿ ಲೆನ್ಸಿನ ಎರಡು ಪಕ್ಕಕ್ಕೆ ಬಂದು ಜೂಮ್ ರಿಂಗನ್ನು ಹಿಡಿಯುತ್ತವೆ. ಎಡ ಮೊಣಕೈಯನ್ನು ಪಕ್ಕೆಲುಬಿಗೆ ಒರಗಿಸಿ. ವ್ಯೂಫೈಂಡರಿನ ರಬ್ಬರು ಹುಬ್ಬಿಗೆ ಮೆಲ್ಲಗೆ ತಾಗಲಿ. ಈಗ ಕ್ಯಾಮೆರಾ ಎರಡು ಕೈ ಮತ್ತು ಹಣೆ, ಹೀಗೆ ಮೂರು ಕಡೆ ಆತುಕೊಂಡಿದೆ.

ಪರೀಕ್ಷೆ ಸುಲಭ. ಈ ಸ್ಥಿತಿಯಲ್ಲಿ ಬಲಗೈಯನ್ನು ಪೂರ್ತಿ ಬಿಟ್ಟುಬಿಡಿ. ಕ್ಯಾಮೆರಾ ಅಲ್ಲೇ ನಿಂತಿದ್ದರೆ ಹಿಡಿತ ಸರಿಯಿದೆ. ಮುಗ್ಗರಿಸಿದರೆ ಎಡಗೈ ಇನ್ನೂ ಅಲಂಕಾರಕ್ಕಿದೆ ಎಂದರ್ಥ.

ಬಲಗೈಯಲ್ಲಿ ಹಿಡಿತದ ಹೊಣೆ ನಡುಬೆರಳು ಮತ್ತು ಉಂಗುರಬೆರಳಿನದು. ತೋರುಬೆರಳು ಶಟರ್ ಗುಂಡಿಯ ಮೇಲೆ ಬಾಗಿ ಹಗುರವಾಗಿ ಕೂತಿರಬೇಕು, ಹೆಬ್ಬೆರಳು ಹಿಂಬದಿಯಲ್ಲಿ ಸ್ವತಂತ್ರವಾಗಿ ಓಡಾಡುತ್ತಿರಬೇಕು. ಚಿಕ್ಕ ಬಾಡಿಗಳಲ್ಲಿ ಕಿರುಬೆರಳಿಗೆ ಜಾಗವಿಲ್ಲದೆ ಅದು ಕೆಳಗೆ ಜೋತಾಡುತ್ತದೆ. ಅದನ್ನು ಬಾಡಿಯ ಅಡಿಗೆ ಮಡಚಿ ಆನಿಕೆಯಾಗಿ ಬಳಸಿ. ದಿನವಿಡೀ ಹಿಡಿದು ಕೈ ಜೋಮು ಹಿಡಿಯುವುದಾದರೆ ಅಡಿಗೆ ತಿರುಪು ಹಾಕಿ ಕೂರಿಸುವ ಗ್ರಿಪ್ ಪಟ್ಟಿ ಸಿಗುತ್ತದೆ. ದುಬಾರಿ ಲೆನ್ಸಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಅದು.

ಶಟರ್ ಗುಂಡಿಯನ್ನು ಕುಟ್ಟಬೇಡಿ. ಮಾವಿನ ಹಣ್ಣು ಹದಕ್ಕೆ ಬಂದಿದೆಯೇ ಎಂದು ಅದುಮಿ ನೋಡುತ್ತೇವಲ್ಲ, ಅಷ್ಟೇ ಒತ್ತಡ. ಅರ್ಧ ಒತ್ತಿದಾಗ ಸಿಗುವ ಸಣ್ಣ ತಡೆ ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗಬೇಕು. ಅಲ್ಲಿಂದ ಮುಂದಕ್ಕೆ ಬೆರಳು ಹೊರಳಬೇಕು, ಹಾರಬಾರದು.

ನೆಲದ ಮೇಲೆ ಕುಳಿತಿದ್ದರೆ ಒಂದು ಮೊಣಕಾಲನ್ನು ಎತ್ತಿ ಅದರ ಮೇಲೆ ಎಡ ಮೊಣಕೈ ಊರಿ. ಮೂಳೆಗೆ ಮೂಳೆ ತಾಗಿಸಬೇಡಿ, ಜಾರುತ್ತದೆ. ಮೊಣಕೈಯ ತುದಿಗಿಂತ ಸ್ವಲ್ಪ ಮೇಲಿನ ಮಾಂಸದ ಭಾಗ ಮಂಡಿಯ ಮೇಲೆ ಕೂರಲಿ. ಆಟದ ಬಯಲಿನಲ್ಲಿ ಟ್ರೈಪಾಡ್ ಇಟ್ಟರೆ ಹಿಂದೆ ಕುಳಿತ ಅಜ್ಜಂದಿರು ಬೈಯುತ್ತಾರೆ. ಈ ಕೂರುವ ಭಂಗಿ ನನಗೆ ಅವರಿಂದಾಗಿಯೇ ಸಿದ್ಧಿಸಿತು.

ಎರಡನೆಯದು: ವ್ಯೂಫೈಂಡರನ್ನು ನಿಮ್ಮ ಕಣ್ಣಿಗೆ ಹೊಂದಿಸಿ

ವ್ಯೂಫೈಂಡರಿನ ಪಕ್ಕದಲ್ಲಿ ಪ್ಲಸ್, ಮೈನಸ್ ಗುರುತಿನ ಪುಟ್ಟ ಚಕ್ರವಿದೆ, ಡಯಾಪ್ಟರ್. ಒಳಗೆ ಕಾಣುವ ಚಿತ್ರವನ್ನು ಬಿಟ್ಟು ಅದರ ಅಂಚಿನ ಅಂಕಿಗಳನ್ನು ನೋಡುತ್ತ, ಅವು ಸ್ಪಷ್ಟವಾಗುವವರೆಗೆ ಇದನ್ನು ತಿರುಗಿಸಿ. ಕನ್ನಡಕ ಹಾಕಿ ತೆಗೆಯುವವರು ಹಾಕಿಕೊಂಡೇ ಹೊಂದಿಸಬೇಕು. ಚೀಲದಿಂದ ತೆಗೆಯುವಾಗ ಈ ಚಕ್ರ ತಾನೇ ತಿರುಗಿಬಿಡುವುದುಂಟು. ಲೆನ್ಸ್ ಕೆಟ್ಟಿದೆ ಎಂದು ರಿಪೇರಿಗೆ ಒಯ್ದು, ಅಂಗಡಿಯವನು ಈ ಚಕ್ರವನ್ನು ಎರಡು ಹಲ್ಲು ತಿರುಗಿಸಿ ಕೊಟ್ಟಾಗ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದವರನ್ನು ಬಲ್ಲೆ.

ಎಡಗಣ್ಣಿನಿಂದ ನೋಡುವವರಿಗೆ ಇನ್ನೊಂದು ತೊಡಕು. ಮೂಗು ಹಿಂಬದಿಯ ಪರದೆಗೆ ತಾಗುತ್ತದೆ, ಸ್ಪರ್ಶಪರದೆಯಾದರೆ ಮೂಗೇ ಫೋಕಸ್ ಬಿಂದುವನ್ನು ಎಲ್ಲಿಗೋ ಎಳೆದೊಯ್ಯುತ್ತದೆ. ಮೆನುವಿನಲ್ಲಿ ಸ್ಪರ್ಶದ ಜಾಗವನ್ನು ಪರದೆಯಲ್ಲಿ ಮೂಗು ತಾಗದ ಭಾಗಕ್ಕೆ ಮಾತ್ರ ಸೀಮಿತಗೊಳಿಸುವ ಆಯ್ಕೆ ಇದ್ದರೆ ಬಳಸಿ. ಇಲ್ಲದಿದ್ದರೆ ವ್ಯೂಫೈಂಡರ್ ನೋಡುವಾಗ ಸ್ಪರ್ಶವನ್ನೇ ಆರಿಸಿಬಿಡಿ.

ಮೂರನೆಯದು: ಹೆಬ್ಬೆರಳಿಗೆ ಎಷ್ಟು ಉದ್ಯೋಗ ಎಂದು ಎಣಿಸಿ

ಒಂದು ಕಾಗದ ತೆಗೆದುಕೊಳ್ಳಿ. ಚಿತ್ರ ತೆಗೆಯುತ್ತಿರುವಾಗಲೇ ಬದಲಿಸಬೇಕಾದ ಸಂಗತಿಗಳನ್ನು ಬರೆಯಿರಿ. ಶಟರ್ ವೇಗ, ಅಪರ್ಚರ್, ಐಎಸ್‌ಒ, ಫೋಕಸ್ ಹಿಡಿಯುವುದು, ಫೋಕಸ್ ಬಿಂದುವನ್ನು ಸರಿಸುವುದು. ಹೆಚ್ಚೆಂದರೆ ಎಕ್ಸ್‌ಪೋಶರ್ ಕಾಂಪನ್ಸೇಶನ್ (ಚಿತ್ರವನ್ನು ತುಸು ಬೆಳಗಿಸುವ, ಕಪ್ಪಾಗಿಸುವ ಹೊಂದಾಣಿಕೆ) ಸೇರಿಸಬಹುದು. ವೈಟ್ ಬ್ಯಾಲೆನ್ಸ್, ಫೈಲಿನ ಬಗೆ, ಮೀಟರಿಂಗ್ (ಬೆಳಕು ಅಳೆಯುವ ಬಗೆ) ಇವೆಲ್ಲ ಆಟ ಶುರುವಾಗುವ ಮುಂಚೆ ಚೌಕಿಯ (ವೇಷ ಕಟ್ಟುವ ಜಾಗದ) ಬಳಿ ನಿಂತು ಮುಗಿಸಬಹುದಾದ ಕೆಲಸಗಳು. ಅವುಗಳಿಗೆಲ್ಲ ಮುಖ್ಯ ಗುಂಡಿ ಮೀಸಲಿಡಬೇಡಿ.

ಈಗ ಪ್ರತಿಯೊಂದರ ಎದುರು ಅದನ್ನು ಮಾಡುವ ಬೆರಳಿನ ಹೆಸರು ಬರೆಯಿರಿ. ಎರಡು ಡಯಲ್ ಇರುವ ಕ್ಯಾಮೆರಾದಲ್ಲಿ ಮುಂದಿನದು ತೋರುಬೆರಳಿಗೆ, ಹಿಂದಿನದು ಹೆಬ್ಬೆರಳಿಗೆ. ಫೋಕಸ್ ಬಿಂದು ಸರಿಸುವ ಪುಟ್ಟ ಜಾಯ್‌ಸ್ಟಿಕ್ ಕೂಡ ಹೆಬ್ಬೆರಳಿಗೆ. ಹಿಂಬದಿಯ ಎಎಫ್-ಆನ್ (ಆಟೋಫೋಕಸ್) ಗುಂಡಿಯಿಂದ ಫೋಕಸ್ ಹಿಡಿಯುವವರಾದರೆ ಅದೂ ಹೆಬ್ಬೆರಳಿಗೆ. ಅಲ್ಲಿಗೆ ಒಂದೇ ಬೆರಳಿಗೆ ಮೂರು ಉದ್ಯೋಗವಾಯಿತು, ಮೂರನ್ನೂ ಒಟ್ಟಿಗೆ ಮಾಡಲು ಸಾಧ್ಯವಿಲ್ಲ. ಎಎಫ್-ಆನ್ ಒತ್ತಿ ಹಿಡಿದಿರುವಷ್ಟು ಹೊತ್ತು ಹಿಂದಿನ ಡಯಲ್ ಅನಾಥ.

ಆದ್ದರಿಂದ ಪದೇ ಪದೇ ಬದಲಾಗುವುದನ್ನು ತೋರುಬೆರಳಿನ ಡಯಲಿಗೆ ಕೊಡಿ. ಕುಣಿತವನ್ನು ತೆಗೆಯುವವನಿಗೆ ಅದು ಶಟರ್ ವೇಗ: ಹಾಡುವ ಭಾಗವತರ ಮುಖಕ್ಕೆ 1/125 ಸೆಕೆಂಡು ಸಾಕು, ಪುಂಡುವೇಷ (ಎಳೆಯ ವೀರನ ಪಾತ್ರ) ಸುತ್ತುತ್ತ ಧೀಂಗಿಣ ಹಾರತೊಡಗಿದರೆ 1/500 ಬೇಕು. ಅಪರ್ಚರ್ ಹೇಗೂ ಇಡೀ ರಾತ್ರಿ ಎಫ್ 2.8ರಲ್ಲೇ ಇರುತ್ತದೆ, ಅದು ಹೆಬ್ಬೆರಳಿನ ಕಡೆ ಇರಲಿ. ಕ್ಯಾನನ್‌ನಲ್ಲಿ ಮ್ಯಾನ್ಯುಯಲ್ ಮೋಡಿನಲ್ಲಿ ಶಟರ್ ವೇಗ ಮೂಲತಃ ತೋರುಬೆರಳಿನ ಕಡೆಯೇ ಇರುತ್ತದೆ. ನಿಕಾನ್‌ನಲ್ಲಿ ತೋರುಬೆರಳಿಗೆ ಅಪರ್ಚರ್, ಹೆಬ್ಬೆರಳಿಗೆ ಶಟರ್. ಹಲವು ಮಾದರಿಗಳಲ್ಲಿ ಎರಡನ್ನೂ ಅದಲುಬದಲು ಮಾಡುವ, ಡಯಲ್ ತಿರುಗುವ ದಿಕ್ಕನ್ನು ಹಿಮ್ಮುಖವಾಗಿಸುವ ಆಯ್ಕೆಗಳು ಮೆನುವಿನಲ್ಲಿವೆ. ಯಾವುದು ಸರಿ ಎಂದು ತಲೆ ಕೆಡಿಸಿಕೊಳ್ಳಬೇಡಿ. ಕಣ್ಣು ಮುಚ್ಚಿ "ಇನ್ನೂ ವೇಗ ಬೇಕು" ಎಂದು ಮನಸ್ಸಿನಲ್ಲಿ ಅಂದುಕೊಳ್ಳಿ. ಬೆರಳು ಯಾವ ಕಡೆ ಹೊರಳಿತೋ ಅದೇ ನಿಮ್ಮ ದಿಕ್ಕು.

ಐಎಸ್‌ಒ ಗುಂಡಿ ಎಡಭುಜದ ಮೇಲಿದ್ದರೆ ಅದನ್ನು ಬಲಕ್ಕೆ ತನ್ನಿ. ಎಡಗೈ ಅಲ್ಲಿಗೆ ಹೋಗಬೇಕಾದರೆ ಲೆನ್ಸನ್ನು ಬಿಡಬೇಕು, ಲೆನ್ಸ್ ಬಿಟ್ಟರೆ ಮೊದಲ ಹೆಜ್ಜೆಯ ಶ್ರಮವೆಲ್ಲ ವ್ಯರ್ಥ. ನಿಕಾನ್ 2016ರ ಡಿ5 ಮತ್ತು ಡಿ500 ಕ್ಯಾಮೆರಾಗಳಲ್ಲಿ ಐಎಸ್‌ಒ ಗುಂಡಿಯನ್ನು ಶಟರ್ ಗುಂಡಿಯ ಬಳಿಗೆ ತಂದು, ಅಲ್ಲಿದ್ದ ಮೋಡ್ ಗುಂಡಿಯನ್ನು ಎಡಕ್ಕೆ ಅಟ್ಟಿತು. ಸ್ಥಾನಪಲ್ಲಟ ಇಂಚುಗಳಷ್ಟು; ಉಳಿತಾಯ ಒಂದು ಇಡೀ ಕೈ. ನಿಮ್ಮ ಕ್ಯಾಮೆರಾದಲ್ಲಿ ಹಾಗಿಲ್ಲದಿದ್ದರೆ ವಿಡಿಯೊ ಗುಂಡಿಯನ್ನೋ, ನಮಗೆ ಬೇಕಾದ ಕೆಲಸ ಕೊಡಬಹುದಾದ ಮುಂಬದಿಯ ಎಫ್‌ಎನ್ ಗುಂಡಿಯನ್ನೋ ಐಎಸ್‌ಒಗೆ ನೇಮಿಸಲು ಬರುತ್ತದೆಯೇ ನೋಡಿ.

ಡಯಲುಗಳು ಬಲಭಾಗದಲ್ಲಿ ಗುಂಪುಗೂಡಿರುವುದು ದೈವನಿಯಮವೇನಲ್ಲ. ಒಲಿಂಪಸ್‌ನ ಯೋಶಿಹಿಸಾ ಮೈತಾನಿ ವಿನ್ಯಾಸಗೊಳಿಸಿದ ಓಎಂ-1 ಕ್ಯಾಮೆರಾ 1972ರಲ್ಲಿ ಎಂ-1 ಎಂಬ ಹೆಸರಿನಲ್ಲಿ ಬಂದಾಗ ಶಟರ್ ವೇಗದ ರಿಂಗ್ ಲೆನ್ಸ್ ಕೂರುವ ಬಾಯಿಯ ಸುತ್ತಲೇ ಇತ್ತು. ಅದರ ಮುಂದೆ ಫೋಕಸ್, ಅದರ ಮುಂದೆ ಅಪರ್ಚರ್. ಮೂರೂ ಎಡಗೈಗೆ, ಬಲಗೈಗೆ ಶಟರ್ ಒತ್ತುವುದು, ರೀಲು ಸುತ್ತುವುದು. ಅದಕ್ಕೂ ಹಿಂದೆ 1936ರಲ್ಲಿ ಬಂದ ಜರ್ಮನಿಯ ಕೀನೆ ಎಕ್ಸಾಕ್ಟಾದಲ್ಲಿ ಶಟರ್ ಗುಂಡಿಯೇ ಎಡಗೈಗೆ ಇತ್ತು. ಎಡಚರಿಗೆ ಆಮೇಲೆ ಅಂಥ ಭಾಗ್ಯ ಅಪರೂಪ. ಇಂದು ನಾವು ಹಿಡಿಯುವ ಉಬ್ಬಿದ ಹಿಡಿಕೆ, ತೋರುಬೆರಳಿನ ಡಯಲ್ ಎಲ್ಲವೂ ಮಟ್ಟಸವಾಗಿ ಒಟ್ಟುಗೂಡಿದ್ದು ವಿನ್ಯಾಸಕ ಲುಯಿಜಿ ಕೊಲಾನಿಯ ಕೈವಾಡವೂ ಇದ್ದ 1986ರ ಕ್ಯಾನನ್ ಟಿ90ಯಲ್ಲಿ. ಮರುವರ್ಷ ಬಂದ ಇಓಎಸ್ ಸರಣಿ ಲೆನ್ಸಿನ ಮೇಲಿನ ಅಪರ್ಚರ್ ರಿಂಗನ್ನೇ ತೆಗೆದುಹಾಕಿತು. ಅಂದಿನಿಂದ ಬಲಗೈಗೆ ಬಿಡುವಿಲ್ಲ.

ನಾಲ್ಕನೆಯದು: ಬಿಂದಿ ಅಂಟಿಸಿ

ಗುಂಡಿ ಎಲ್ಲಿದೆ ಎಂದು ಗೊತ್ತಿದ್ದರೂ ಅದರ ಪಕ್ಕದ್ದನ್ನು ಒತ್ತಿಬಿಡುವುದು ಸಾಮಾನ್ಯ. ಹಲವು ಕ್ಯಾನನ್ ಕ್ಯಾಮೆರಾಗಳಲ್ಲಿ ಐಎಸ್‌ಒ ಗುಂಡಿಯ ಮೇಲೆ ಒಂದು ಪುಟ್ಟ ಉಬ್ಬು ಇರುತ್ತದೆ. ಸಾಲಿನಲ್ಲಿ ಬೆರಳು ಸವರಿದರೆ ಸಿಗುತ್ತದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಹೆಂಗಸರು ಹಚ್ಚುವ ಸ್ಟಿಕ್ಕರ್ ಬಿಂದಿಗಳಲ್ಲಿ ಅತಿ ಚಿಕ್ಕದನ್ನು ತಂದು ಗುಂಡಿಯ ನಟ್ಟನಡುವೆ ಅಂಟಿಸಿ. ಹರಳಿನ ಬಿಂದಿ ಬೇಡ, ಬೆರಳಿಗೆ ಚುಚ್ಚುತ್ತದೆ, ಮಖಮಲ್ಲಿನದು ಒಳ್ಳೆಯದು. ಬೆವರಿಗೆ ಎರಡು ತಿಂಗಳಲ್ಲಿ ಉದುರುತ್ತದೆ, ಆಗ ಹಾಳೆಯಿಂದ ಇನ್ನೊಂದು.

ಎರಡಕ್ಕಿಂತ ಹೆಚ್ಚು ಗುಂಡಿಗೆ ಬಿಂದಿ ಹಾಕಬೇಡಿ. ಎಲ್ಲಕ್ಕೂ ಗುರುತು ಹಾಕಿದರೆ ಯಾವುದಕ್ಕೂ ಹಾಕದಂತೆಯೇ. ನನ್ನಲ್ಲಿ ಐಎಸ್‌ಒಗೆ ಒಂದು, ಲೆನ್ಸಿನ ಪಕ್ಕದ ಎಫ್‌ಎನ್‌ಗೆ ಒಂದು. ಮದುವೆ ಮನೆಯೊಂದರಲ್ಲಿ ಅಜ್ಜಿಯೊಬ್ಬರು ನೋಡಿ, "ಕ್ಯಾಮೆರಾಕ್ಕೂ ಬೊಟ್ಟು ಇಟ್ಟಿದ್ದೀಯಲ್ಲ ಮಗ, ದೃಷ್ಟಿ ತಾಗದಿರಲಿ ಎಂದೇ?" ಎಂದು ಕೇಳಿದ್ದರು. ಹೌದೆಂದೆ.

ಐದನೆಯದು: ನೋಡದೆ ಎಣಿಸಿ

ಇಡೀ ಲೇಖನದಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಬಹುತೇಕ ಕ್ಯಾಮೆರಾಗಳು ಮೂರನೇ ಒಂದು ಸ್ಟಾಪ್ ಲೆಕ್ಕದಲ್ಲಿ ಚಲಿಸುವಂತೆ ಹೊಂದಿಸಲ್ಪಟ್ಟಿರುತ್ತವೆ. ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟಾಗುವುದು ಇಲ್ಲವೇ ಅರ್ಧವಾಗುವುದು. ಅಂದರೆ ಡಯಲಿನ ಮೂರು ಟಿಕ್‌ಗೆ ಒಂದು ಸ್ಟಾಪ್. ಐಎಸ್‌ಒ 800, 1000, 1250, 1600: ಮೂರು ಟಿಕ್ ಆಗುವಾಗ ದುಪ್ಪಟ್ಟು. ಶಟರ್ 1/125ರಿಂದ 1/250ಕ್ಕೆ ಮೂರು ಟಿಕ್, 1/500ಕ್ಕೆ ಆರು. ಅಪರ್ಚರ್ ಎಫ್ 2.8ರಿಂದ 4ಕ್ಕೆ ಮೂರು, 5.6ಕ್ಕೆ ಆರು. ಮೂರೂ ಒಂದೇ ಮಗ್ಗಿ. ನಿಮ್ಮ ಕ್ಯಾಮೆರಾದಲ್ಲಿ ಅರ್ಧ ಸ್ಟಾಪಿನ ಹೆಜ್ಜೆ ಇದ್ದರೆ ಮೂರರ ಬದಲು ಎರಡೆಂದು ಓದಿಕೊಳ್ಳಿ.

ಹಾಗಾದರೆ ಧೀಂಗಿಣಕ್ಕೆ ವೇಗ ಏರಿಸಬೇಕು, ಬೆಳಕು ಮಾತ್ರ ಇದ್ದಷ್ಟೇ ಇರಬೇಕು ಎಂದಾಗ ತೋರುಬೆರಳಿನಲ್ಲಿ ಆರು ಟಿಕ್, ಐಎಸ್‌ಒ ಗುಂಡಿ ಒತ್ತಿ ಆರು ಟಿಕ್, ಮುಗಿಯಿತು. 1/125, ಐಎಸ್‌ಒ 1600 ಇದ್ದದ್ದು 1/500, ಐಎಸ್‌ಒ 6400 ಆಯಿತು. ಒಂದೇ ಒಂದು ಅಂಕಿಯನ್ನೂ ಓದಲಿಲ್ಲ. ಚಂಡೆಯ ಸದ್ದಿನಲ್ಲಿ ಟಿಕ್ ಕೇಳಿಸದು. ಬೆರಳ ತುದಿಗೆ ತಾಗುವ ಸಣ್ಣ ತಡೆಯನ್ನೇ ಎಣಿಸಬೇಕು.

ದಾರಿ ತಪ್ಪಿದರೆ? ಆಗ ತುದಿಗೆ ಹೋಗಿ. ಎಫ್ 2.8ರ ಲೆನ್ಸಿನಲ್ಲಿ ಅಪರ್ಚರ್ ಡಯಲನ್ನು ತೆರೆಯುವ ಕಡೆಗೆ ಹತ್ತಾರು ಟಿಕ್ ತಿರುಗಿಸಿಬಿಡಿ. ಅದು 2.8ಕ್ಕಿಂತ ಆಚೆ ಹೋಗಲಾರದು, ಅಲ್ಲೇ ನಿಲ್ಲುತ್ತದೆ. ಅಲ್ಲಿಂದ ಮತ್ತೆ ಎಣಿಕೆ ಶುರು. ಕತ್ತಲ ಕೋಣೆಯಲ್ಲಿ ಗೋಡೆ ಮುಟ್ಟಿ ದಾರಿ ತಿಳಿದ ಹಾಗೆ ಇದು. ಶಟರಿಗೂ ಐಎಸ್‌ಒಗೂ ಅಂಥ ಹತ್ತಿರದ ಗೋಡೆ ಇಲ್ಲ. ಆದ್ದರಿಂದ ಪ್ರತಿ ದೃಶ್ಯ ಮುಗಿದ ಕೂಡಲೇ ಹೊರಟಲ್ಲಿಗೆ ಮರಳಿ ಬರುವ ಅಭ್ಯಾಸ ಮಾಡಿಕೊಳ್ಳಿ. ನನ್ನ ಮೂಲಸ್ಥಾನ 1/250, ಎಫ್ 2.8, ಐಎಸ್‌ಒ 3200. ಭಾಗವತರು ಮುಂದಿನ ಪದ ಎತ್ತಿಕೊಳ್ಳುವಷ್ಟರಲ್ಲಿ ಅಲ್ಲಿಗೆ ಬಂದಿರುತ್ತೇನೆ.

ಐಎಸ್‌ಒವನ್ನು ಆಟೋಗೆ ಬಿಡಬಾರದೇ ಎಂದು ಕೇಳುವವರಿದ್ದಾರೆ. ಮದುವೆಯಲ್ಲಿ, ಹಕ್ಕಿ ತೆಗೆಯುವಾಗ ನಾನೂ ಬಿಡುತ್ತೇನೆ. ರಂಗಸ್ಥಳದಲ್ಲಿ ಹಿನ್ನೆಲೆಯ ಕತ್ತಲನ್ನು ಕಂಡು ಮೀಟರ್ ಮೋಸ ಹೋಗಿ ಮುಖವನ್ನು ಬಿಳಿಚಿಸಿಬಿಡುತ್ತದೆ. ರಾಳದ ಬೆಂಕಿ ಎದ್ದಾಗ ತದ್ವಿರುದ್ಧ: ಜ್ವಾಲೆ ಕಂಡು ಹೆದರಿ ವೇಷದ ಮುಖವನ್ನು ಮಸಿ ಮಾಡುತ್ತದೆ. ಅಲ್ಲಿ ಮ್ಯಾನ್ಯುಯಲ್ಲೇ ವಾಸಿ. ದೊಂದಿ ಹತ್ತಿರ ಬಂದಾಗ ಮೂರು ಟಿಕ್ ವೇಗ ಹೆಚ್ಚಿಸಿ, ರಾಳ ಎರಚುವವನ ಮುಷ್ಟಿಯ ಮೇಲೆ ಒಂದು ಕಣ್ಣಿಟ್ಟು ಕಾಯಿರಿ.

ಆರನೆಯದು: ಹಿಂಬದಿ ಗುಂಡಿಯ ಫೋಕಸ್, ಬೇಕಾದವರಿಗೆ

ಶಟರ್ ಗುಂಡಿಯಿಂದ ಫೋಕಸನ್ನು ಬಿಡಿಸಿ ಹೆಬ್ಬೆರಳಿನ ಗುಂಡಿಗೆ ಕೊಡುವ ಏರ್ಪಾಡನ್ನು ಕ್ಯಾನನ್ 1989ರ ಇಓಎಸ್ 630ರಲ್ಲಿ ತಂದಿತು. ಈಗ ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಇದೆ. ಮಾಡುವುದು ಹೀಗೆ. ಗುಂಡಿಗಳ ಮೆನುವಿಗೆ ಹೋಗಿ ಶಟರ್ ಗುಂಡಿಯ ಅರ್ಧ ಒತ್ತಿನಿಂದ ಎಎಫ್ ತೆಗೆದುಹಾಕಿ, ಮೀಟರಿಂಗ್ ಮಾತ್ರ ಉಳಿಸಿ. ಎಎಫ್-ಆನ್ ಗುಂಡಿಗೆ, ಅದು ಇಲ್ಲದಿದ್ದರೆ ಬೆಳಕಿನ ಅಳತೆಯನ್ನು ಹಿಡಿದಿಡುವ ಎಇ ಲಾಕ್ ಗುಂಡಿಗೆ, ಎಎಫ್ ಕೊಡಿ. ಫೋಕಸ್ ಮೋಡನ್ನು ಕಂಟಿನ್ಯುಯಸ್‌ನಲ್ಲಿಡಿ. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಕ್ಯಾಮೆರಾ ವೇಷದ ಬೆನ್ನು ಹತ್ತುತ್ತದೆ, ಬೆರಳು ಎತ್ತಿದರೆ ಫೋಕಸ್ ಇದ್ದಲ್ಲೇ ನಿಲ್ಲುತ್ತದೆ. ನಿಂತದ್ದಕ್ಕೊಂದು, ಚಲಿಸುವುದಕ್ಕೊಂದು ಎಂದು ಎರಡು ಮೋಡುಗಳ ನಡುವೆ ಓಡಾಡುವ ಕಷ್ಟ ತಪ್ಪಿತು.

ಇದನ್ನು ವೇದವಾಕ್ಯದಂತೆ ಬೋಧಿಸುವವರು ಬಹಳ. ನನಗೆ ಅಷ್ಟು ನಂಬಿಕೆಯಿಲ್ಲ. ಹೆಬ್ಬೆರಳಿನ ಮೂರು ಉದ್ಯೋಗದ ಮಾತು ಆಗಲೇ ಆಯಿತು. ಕಣ್ಣನ್ನು ತಾನೇ ಹುಡುಕುವ ಮಿರರ್‌ಲೆಸ್ ಕ್ಯಾಮೆರಾ ಇದ್ದು ಬಿಂದು ಸರಿಸುವ ಗೋಜಿಲ್ಲದಿದ್ದರೆ ಹಿಂಬದಿ ಗುಂಡಿ ಚೆನ್ನ. ಚುಟ್ಟಿ (ಬಿಳಿಯ ಉಬ್ಬು ಚುಕ್ಕೆಗಳು) ಇಟ್ಟ ಮುಖದಲ್ಲಿ ನನ್ನ ಕ್ಯಾಮೆರಾಕ್ಕೆ ಕಣ್ಣು ಸಿಗುವುದಿಲ್ಲ, ಕಿರೀಟದ ಹರಳಿಗೆ ಹೋಗಿ ಕೂರುತ್ತದೆ. ಆಗ ಹೆಬ್ಬೆರಳು ಜಾಯ್‌ಸ್ಟಿಕ್ಕಿಗೇ ಬೇಕು, ಫೋಕಸ್ ಶಟರ್ ಗುಂಡಿಯಲ್ಲೇ ಇರಲಿ ಎನಿಸುತ್ತದೆ. ಎರಡು ವಾರ ಒಂದು ಬಗೆ, ಎರಡು ವಾರ ಇನ್ನೊಂದು ಬಗೆ ಬಳಸಿ ನೋಡಿ. ದಿನಕ್ಕೊಂದರಂತೆ ಬದಲಿಸಿದರೆ ಎರಡೂ ಕೈಗೆ ಹತ್ತುವುದಿಲ್ಲ. ಇನ್ನೊಬ್ಬರ ಕೈಗೆ ಕ್ಯಾಮೆರಾ ಕೊಟ್ಟು "ನಮ್ಮದೊಂದು ಫೋಟೊ ತೆಗೆಯಿರಿ" ಎನ್ನುವಾಗ ಹಿಂಬದಿ ಗುಂಡಿಯ ವಿಷಯ ಹೇಳಲು ಮರೆಯಬೇಡಿ. ನಮ್ಮ ಮನೆಯ ಗೃಹಪ್ರವೇಶದ ಕುಟುಂಬ ಚಿತ್ರದಲ್ಲಿ ಸ್ಪಷ್ಟವಾಗಿರುವುದು ಬಾಗಿಲ ತೋರಣ ಮಾತ್ರ.

ಏಳನೆಯದು: ಲೆನ್ಸಿನ ರಿಂಗುಗಳು

ಜೂಮ್ ಲೆನ್ಸಿನಲ್ಲಿ ಕನಿಷ್ಠ ಎರಡು ರಿಂಗುಗಳು. ಯಾವುದು ಮುಂದೆ, ಯಾವುದು ಹಿಂದೆ ಎಂಬುದಕ್ಕೆ ಒಂದು ನಿಯಮವಿಲ್ಲ. ನಿಕಾನ್‌ನ 70-200 ಮಿ.ಮೀ. ಎಫ್ 2.8 ಲೆನ್ಸನ್ನೇ ನೋಡಿ: 2016ರ ಆವೃತ್ತಿಯಲ್ಲಿ ಜೂಮ್ ರಿಂಗ್ ಮುಂದಕ್ಕೆ ಹೋಯಿತು, ಫೋಕಸ್ ರಿಂಗ್ ಹಿಂದಕ್ಕೆ ಬಂತು. ಮುಂದೆ ಹಿಡಿದರೆ ಭಾರ ಸಮತೋಲನಕ್ಕೆ ಬರುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಹಿಂದಿನದಕ್ಕೆ ಒಗ್ಗಿದ ಕೈ ಜೂಮ್ ಮಾಡಲು ಹೋಗಿ ಫೋಕಸ್ ಕದಲಿಸುವುದು ಖಂಡಿತ. ತಿರುಗುವ ದಿಕ್ಕೂ ಒಂದೇ ಅಲ್ಲ. ಕ್ಯಾನನ್ ಮತ್ತು ನಿಕಾನ್ ಜೂಮ್‌ಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಹೊರಗಿನ ಕಂಪನಿಗಳಲ್ಲಿ ಸಿಗ್ಮಾ ಸಾಮಾನ್ಯವಾಗಿ ಕ್ಯಾನನ್ ದಿಕ್ಕು, ಟ್ಯಾಮ್ರಾನ್ ಸಾಮಾನ್ಯವಾಗಿ ನಿಕಾನ್ ದಿಕ್ಕು. ಚೀಲದಲ್ಲಿ ಎರಡು ಜೂಮ್ ಇಟ್ಟುಕೊಳ್ಳುವುದಾದರೆ ಎರಡೂ ಒಂದೇ ಕಡೆ ತಿರುಗುವಂಥವನ್ನು ಆರಿಸಿ. ವಿಮರ್ಶೆಗಳಲ್ಲಿ ಈ ಅಂಶ ಅಪರೂಪಕ್ಕೆ ಕಾಣುತ್ತದೆ. ಬಳಕೆಯಲ್ಲಿ ದಿನವೂ ಕಾಡುತ್ತದೆ.

ಸೈಕಲ್ ಟ್ಯೂಬ್ ಬೇಕಾಗುವುದು ಇಲ್ಲಿ. ಅದರಿಂದ ಬೆರಳಗಲದ ಉಂಗುರ ಕತ್ತರಿಸಿ ಜೂಮ್ ರಿಂಗಿನ ಮೇಲೆ ಬಿಗಿಯಾಗಿ ಕೂರಿಸಿ. ಉಂಗುರದ ಅಡಿಗೆ ಒಂದು ಕಡೆ ಅಕ್ಕಿಕಾಳಿನಷ್ಟು ರಬ್ಬರ್ ಚೂರು ತೂರಿಸಿದರೆ ಉಬ್ಬು ಏಳುತ್ತದೆ. ಲೆನ್ಸ್ ಅತಿ ವಿಶಾಲ ನೋಟದಲ್ಲಿದ್ದಾಗ ಉಬ್ಬು ಹೆಬ್ಬೆರಳಿನಡಿ ಇರುವಂತೆ ಇಡಿ. ಆಮೇಲೆ ಉಬ್ಬು ಎಲ್ಲಿ ತಾಗುತ್ತಿದೆ ಎಂಬುದರಿಂದಲೇ ಲೆನ್ಸ್ 70ರಲ್ಲಿದೆಯೋ 200ರಲ್ಲಿದೆಯೋ ತಿಳಿಯುತ್ತದೆ. ಬೆಳಗಿನ ಜಾವ ಇಬ್ಬನಿಗೆ ಕೈ ಒದ್ದೆಯಾದರೂ ರಿಂಗ್ ಜಾರುವುದಿಲ್ಲ. ಹೆಗಲಿಗೆ ಹಾಕಿ ನಡೆಯುವಾಗ ಲೆನ್ಸ್ ತಾನೇ ಕೆಳಗಿಳಿಯುವ ಪೀಡೆ ಇದ್ದರೆ ಅದೇ ಉಂಗುರವನ್ನು ಅರ್ಧ ರಿಂಗಿನ ಮೇಲೆ, ಅರ್ಧ ಪಕ್ಕದ ಕೊಳವೆಯ ಮೇಲೆ ಸರಿಸಿ.

ಉದ್ದ ಲೆನ್ಸುಗಳಲ್ಲಿ ರಿಂಗ್ ಎಷ್ಟು ತಿರುಗಬೇಕು ಎಂಬುದೂ ಮುಖ್ಯ. ನಿಕಾನ್‌ನ 200-500 ಲೆನ್ಸ್ ಕಾಲರ್ (ಟ್ರೈಪಾಡಿಗೆ ಕೂರಿಸುವ ಪಾದವಿರುವ ಬಳೆ) ಸಹಿತ 2.3 ಕಿಲೋ, ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಕೈಯನ್ನು ಬಿಟ್ಟು ಮತ್ತೆ ಹಿಡಿಯಬೇಕಾಗುತ್ತದೆ, ತಿರುಗಿಸಿದಂತೆಲ್ಲ ಲೆನ್ಸ್ ಉದ್ದವಾಗಿ ಭಾರ ಮುಂದಕ್ಕೆ ವಾಲುತ್ತದೆ. 2023ರ ಜೆಡ್ 180-600ರಲ್ಲಿ ಉದ್ದ ಬದಲಾಗುವುದಿಲ್ಲ, 70 ಡಿಗ್ರಿ ತಿರುಗಿಸಿದರೆ ಆಯಿತು. ರಂಗನತಿಟ್ಟಿನ ದೋಣಿಯಲ್ಲಿ ಪಕ್ಕದವರ ಮೊಣಕೈ ತಾಗುತ್ತ ಕುಳಿತಾಗ ಈ ವ್ಯತ್ಯಾಸದ ಬೆಲೆ ಗೊತ್ತಾಗುತ್ತದೆ. ಕೈಯಲ್ಲೇ ಹಿಡಿದು ತೆಗೆಯುವಾಗ ಕಾಲರಿನ ತಿರುಪು ಸಡಿಲಿಸಿ ಪಾದವನ್ನು ಮೇಲಕ್ಕೆ ತಿರುಗಿಸಿಬಿಡಿ. ಅಂಗೈಗೆ ಒತ್ತುವುದಿಲ್ಲ, ನಡೆಯುವಾಗ ಹಿಡಿಕೆಯೂ ಆಗುತ್ತದೆ.

ಮಿರರ್‌ಲೆಸ್ ಲೆನ್ಸುಗಳ ಫೋಕಸ್ ರಿಂಗ್ ಬಹುಮಟ್ಟಿಗೆ ವಿದ್ಯುತ್ ಸಂಕೇತ ಕಳಿಸುವ ಚಕ್ರ ಮಾತ್ರ. ಬೇಗ ತಿರುಗಿಸಿದರೆ ಫೋಕಸ್ ದೂರ ಹಾರುತ್ತದೆ, ನಿಧಾನಕ್ಕೆ ತಿರುಗಿಸಿದರೆ ತೆವಳುತ್ತದೆ. ತಿರುಗಿಸಿದಷ್ಟೇ ಚಲಿಸುವಂತೆ ಬದಲಿಸುವ ಆಯ್ಕೆ ಕೆಲವು ಕ್ಯಾಮೆರಾಗಳಲ್ಲಿದೆ. ಕೈಯಿಂದ ಫೋಕಸ್ ಮಾಡುವವರು ಮೊದಲು ಅದನ್ನು ಹುಡುಕಿ.

ಎಂಟನೆಯದು: ತಾನೇ ಬದಲಾಗುವ ಸ್ವಿಚ್ಚುಗಳು

ಲೆನ್ಸಿನ ಪಕ್ಕದ ಎಎಫ್-ಎಂಎಫ್ ಸ್ವಿಚ್ ಚೀಲದ ಗೋಡೆಗೆ ತಿಕ್ಕಿ ಸರಿದುಬಿಡುತ್ತದೆ. ಚೀಲದಿಂದ ತೆಗೆದ ಪ್ರತಿ ಸಲ ಎಡ ಹೆಬ್ಬೆರಳನ್ನು ಆ ಸಾಲಿನ ಮೇಲೆ ಒಮ್ಮೆ ಸವರಿ ಎಲ್ಲವೂ ಮೇಲ್ಮುಖವಾಗಿವೆಯೇ ನೋಡಿ. ನಾನಂತೂ ವರ್ಷಕ್ಕೊಮ್ಮೆಯೂ ಮುಟ್ಟದ ಸ್ವಿಚ್ಚಿಗೆ ಟೇಪು ಹಾಕಿದ್ದೇನೆ. ಮೋಡ್ ಡಯಲಿಗೆ ಬೀಗವಿದ್ದರೆ ಹಾಕಿಯೇ ಇಡಿ. U1, C1 ಎಂಬಂತಹ ನೆನಪಿನ ಸ್ಥಾನಗಳಿದ್ದರೆ ನಿಮ್ಮ ಮೂಲಸ್ಥಾನವನ್ನು ಅಲ್ಲಿ ಉಳಿಸಿಕೊಳ್ಳಿ. ಹಲವು ಕ್ಯಾಮೆರಾಗಳಲ್ಲಿ ಆ ಮೋಡಿನೊಳಗೆ ಮಾಡಿದ ಬದಲಾವಣೆ ಕ್ಯಾಮೆರಾ ಆರಿಸಿದ ಕೂಡಲೇ ಅಳಿಸಿಹೋಗುತ್ತದೆ. ನಡುರಾತ್ರಿ ಬ್ಯಾಟರಿ ಬದಲಿಸಿದ ಮೇಲೆ ಅಂಕಿಗಳು ಬೇರೆಯಾದವೆಂದರೆ ಕಾರಣ ಅದೇ.

ಒಂಬತ್ತನೆಯದು: ಕತ್ತಲಲ್ಲಿ ಲೆನ್ಸ್ ಬದಲಿಸುವುದು

ಮಡಿಲಲ್ಲಿ ಒಂದು ಟವಲ್ ಹಾಸಿಕೊಳ್ಳಿ. ಕ್ಯಾಮೆರಾ ಆರಿಸಿ. ಹೊಸ ಲೆನ್ಸಿನ ಹಿಂಬದಿಯ ಮುಚ್ಚಳವನ್ನು ಸಡಿಲಿಸಿ, ತೆಗೆಯಬೇಡಿ. ಕ್ಯಾಮೆರಾದ ಬಾಯಿ ನೆಲದ ಕಡೆ ಇರಲಿ, ಬಯಲಿನ ಧೂಳು ಒಳಗೆ ಬೀಳುವುದಿಲ್ಲ. ಹಳೆಯ ಲೆನ್ಸ್ ಬಿಡಿಸಿ ಟವಲಿನ ಮೇಲಿಡಿ, ಹೊಸದರ ಮುಚ್ಚಳ ತೆಗೆದು ಕೂರಿಸಿ, ಅದೇ ಮುಚ್ಚಳವನ್ನು ಹಳೆಯದಕ್ಕೆ ಹಾಕಿ. ಕ್ಯಾನನ್ ಇಎಫ್ ಲೆನ್ಸುಗಳ ಕೆಂಪು ಗುರುತು ಮಣಿಯಂತೆ ಉಬ್ಬಿರುತ್ತದೆ, ಹೆಬ್ಬೆರಳಿಗೆ ಸಿಗುತ್ತದೆ. ಬರೀ ಬಣ್ಣದ ಚುಕ್ಕೆ ಇರುವ ಲೆನ್ಸಾದರೆ ಅದರ ನೇರಕ್ಕೆ ಒಂದು ಬಿಂದಿ. ಎದುರಿನಿಂದ ನೋಡಿದಾಗ ನಿಕಾನ್ ಲೆನ್ಸ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿ ಕೂರುತ್ತದೆ. ಕ್ಯಾನನ್, ಸೋನಿ, ಫ್ಯೂಜಿ ಮುಳ್ಳಿನ ದಿಕ್ಕಿಗೆ. ಟಕ್ ಎಂದು ಕೂತದ್ದು ಬೆರಳಿಗೆ ತಿಳಿಯುವವರೆಗೆ ಲೆನ್ಸಿನಿಂದ ಕೈ ತೆಗೆಯಬೇಡಿ.

ಹತ್ತನೆಯದು: ದೀಪ ಆರಿಸಿ

ಇಷ್ಟನ್ನೂ ಓದಿ ಮುಗಿಸಿದ್ದರಿಂದ ಬೆರಳಿಗೆ ಏನೂ ಗೊತ್ತಾಗಿರುವುದಿಲ್ಲ. ರಾತ್ರಿ ಊಟವಾದ ಮೇಲೆ ಕೋಣೆಯ ದೀಪ ಆರಿಸಿ, ಕ್ಯಾಮೆರಾ ಕಣ್ಣಿಗೆ ಹಿಡಿದು, ಮನೆಯವರಲ್ಲಿ ಒಬ್ಬರನ್ನು ಆಜ್ಞೆ ಕೊಡಲು ಕೂರಿಸಿ. ನಮ್ಮ ಮನೆಯಲ್ಲಿ ಮಗಳು ಆ ಹುದ್ದೆಯಲ್ಲಿದ್ದಾಳೆ. "ಅಪ್ಪಾ, ವೇಗ ಎರಡು ಸ್ಟಾಪ್ ಮೇಲೆ! ಐಎಸ್‌ಒ ಒಂದು ಕೆಳಗೆ!" ಎಂದು ಕೂಗುತ್ತಾಳೆ. ವ್ಯೂಫೈಂಡರಿನ ಅಂಕಿ ಕಾಣದಿರಲೆಂದು ಕಣ್ಣು ಮುಚ್ಚಿಕೊಂಡೇ ಟಿಕ್ ಎಣಿಸುತ್ತೇನೆ. ಆಮೇಲೆ ಅವಳು ಪರದೆ ನೋಡಿ ತೀರ್ಪು ಕೊಡುತ್ತಾಳೆ, ತಪ್ಪಾದರೆ ಒಂದು ಚಿಕ್ಕಿ ದಂಡ. ಮೊದಲ ವಾರ ಕಡಲೆಕಾಯಿ ಚಿಕ್ಕಿಯ ಪೊಟ್ಟಣ ಎರಡು ದಿನ ಬಾಳಲಿಲ್ಲ. ಮೂರನೆಯ ವಾರ ಅವಳೇ ಬೇಸತ್ತು ಲೆನ್ಸ್ ಬದಲಿಸುವ ಪರೀಕ್ಷೆ ಇಟ್ಟಳು.

ಹೊಸ ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲೂ ಇದನ್ನೇ ಮಾಡಿ. ನಿಮ್ಮ ಅತಿ ಭಾರದ ಲೆನ್ಸನ್ನು ಜೊತೆಗೆ ಒಯ್ದು ಹಾಕಿಸಿ, ಹತ್ತು ನಿಮಿಷ ಕಣ್ಣಿಗೆ ಹಿಡಿದು ನಿಲ್ಲಿ, ಐಎಸ್‌ಒ ಹುಡುಕಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಹಾಗೆಯೇ ಹಿಡಿಕೆಯ ಮೇಲಿನ ರಬ್ಬರನ್ನೂ ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿ, ಅದರಲ್ಲೂ ಕೈಬದಲಾದ ಕ್ಯಾಮೆರಾವಾದರೆ. ಕರಾವಳಿಯ ಎರಡು ಮಳೆಗಾಲ ಕಂಡ ರಬ್ಬರು ಒಮ್ಮೆ ಅಂಚು ಬಿಟ್ಟಿತೆಂದರೆ ಯಾವ ಗುಂಡಿಯೂ ಇದ್ದಲ್ಲಿ ಸಿಗುವುದಿಲ್ಲ.